ನಗು ಬಾರದ ರಿಂಗ್‌ಟೋನು

ನಾನು, ಕಟ್ಟಡದವರೆಲ್ಲ ಟೋನಕ್ಕ ಎಂದು ಕರೆಯುವವಳು, ವಯಸ್ಸು 34, ಕಸುಬು ಹೊಲಿಗೆ, ವಾಸ ಬೇಕರಿ ಇರುವ ಕಟ್ಟಡದ ತಾರಸಿ ಕೋಣೆ, ಅದೇ ಕಟ್ಟಡದ ಕೆಳಗೆ ನನ್ನ ಅಂಗಡಿ. ಈ ದಿನ ಬೆಳಿಗ್ಗೆ 9.15ಕ್ಕೆ ಯಾರೂ ಕರೆಸದೆ ನಾನೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ರಾತ್ರಿ ನೀವು ಕರೆತಂದು ಕೂರಿಸಿರುವ ಲಿಫ್ಟ್ ಮೆಕ್ಯಾನಿಕ್ ನನ್ನ ಒಡಹುಟ್ಟಿದ ಅಣ್ಣ. ಅವನು ಹೆಂಡತಿಯನ್ನು ಹೊಡೆದಿಲ್ಲ. ಪಕ್ಕದ ಮನೆಯವರಿಗೆ ಕೇಳಿಸಿದ ಕೂಗು ನಮ್ಮ ಅತ್ತಿಗೆಯದೇ ಹೌದು, ಆದರೆ ಅದು ಫೋನಿನ ರಿಂಗ್‌ಟೋನು. ಅದನ್ನು ಮಾಡಿದವಳು ನಾನು.

ರಿಂಗ್‌ಟೋನು ಮಾಡುವುದು ನನಗೆ ಒಂದು ಹುಚ್ಚು. ಎರಡು ವರ್ಷದ ಹಿಂದೆ ನನ್ನ ಹೊಲಿಗೆ ಯಂತ್ರದ ಸದ್ದನ್ನು ಫೋನಿನಲ್ಲಿ ಹಿಡಿದು, ಬೇಕಾದಷ್ಟು ಕತ್ತರಿಸಿ ಹಾಕಿಕೊಂಡೆ. ಬಟ್ಟೆ ಕತ್ತರಿಸುವವಳಿಗೆ ಸದ್ದು ಕತ್ತರಿಸುವುದೇನು ಮಹಾ. ಆಮೇಲೆ ಬೇಕರಿಯವರ ಸೀನು. ಅವರು ಸೀನಲು ಶುರುಮಾಡಿದರೆ ಆರಕ್ಕೆ ಕಡಿಮೆ ಇಲ್ಲ, ಕೊನೆಗೊಂದು ಅಯ್ಯಮ್ಮಾ. ಅದನ್ನು ಅವರ ಫೋನಿಗೇ ಹಾಕಿಕೊಟ್ಟೆ. ಗಿರಾಕಿಗಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಲ್ಲಿಂದ ನನಗೆ ಬಿಡುವಿಲ್ಲ. ಒಬ್ಬರಿಗೆ ಗಂಡನ ಗೊರಕೆ, ಇನ್ನೊಬ್ಬರಿಗೆ ನೀರು ಬರುವ ಮುಂಚೆ ನಲ್ಲಿ ಮಾಡುವ ಗುಳುಗುಳು. ಯಾವ ಸದ್ದು ಕೇಳಿದರೆ ಯಾರ ಫೋನು ಎಂದು ಕಟ್ಟಡದವರಿಗೆಲ್ಲ ಬಾಯಿಪಾಠ. ಬರೆದುಕೊಳ್ಳುತ್ತಿರುವ ಮೇಡಂ, ಇದೆಲ್ಲ ಬೇಡ, ವಿಷಯಕ್ಕೆ ಬನ್ನಿ ಎಂದರು. ಇದೇ ವಿಷಯ, ಬರೆದುಕೊಳ್ಳಿ ಎಂದು ನಾನು ಹೇಳಿದೆ.

ಐದು ತಿಂಗಳ ಹಿಂದೆ ಒಂದು ಭಾನುವಾರ, ಎರಡನೇ ಮಹಡಿಯ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆ. ಅತ್ತಿಗೆಗೆ ಇದ್ದಕ್ಕಿದ್ದಂತೆ ಮೀನಖಂಡ ಹಿಡಿದುಕೊಂಡಿತು. ಅಣ್ಣ ಅವರ ಕಾಲಿನ ಹೆಬ್ಬೆರಳು ಹಿಡಿದು ಎಳೆದ. ಅತ್ತಿಗೆ, ಅಯ್ಯೋ ಬಿಡ್ರೀ, ಸತ್ತೋದೆ, ಬಿಡ್ರೀ ಎಂದು ಕಟ್ಟಡ ಹಾರಿಹೋಗುವ ಹಾಗೆ ಕೂಗಿ, ನೋವು ಬಿಟ್ಟ ಮೇಲೆ ಕಿಲಕಿಲ ನಕ್ಕರು. ನನ್ನ ಕೈಯಲ್ಲಿ ಫೋನಿತ್ತು. ಆರು ಸೆಕೆಂಡು ಕೂಗು, ಮೂರು ಸೆಕೆಂಡು ನಗು, ಹೀಗೆ ಟೋನು ಮಾಡಿದೆ. ಅಣ್ಣ ತಾನಾಗಿಯೇ ಕೇಳಿ ಹಾಕಿಸಿಕೊಂಡ. ಅಕ್ಕಪಕ್ಕದವರಿಗೂ ಕಳಿಸು ಪುಟ್ಟಿ, ನಗಲಿ ಪಾಪ ಎಂದೂ ಹೇಳಿದ. ಪಕ್ಕದ ಮನೆಯ ನರ್ಸಕ್ಕನಿಗೆ, ಎದುರುಮನೆ ಮೇಷ್ಟ್ರಿಗೆ ಕಳಿಸಿದೆ. ನಾನೂ ಹಾಕಿಕೊಂಡೆ. ಅಣ್ಣ ನನ್ನ ಕೆಲಸವನ್ನು ಯಾವತ್ತೂ ಹೊಗಳಿದವನಲ್ಲ. ಆವತ್ತು ನನಗೆ ಹಿಗ್ಗೋ ಹಿಗ್ಗು.

ಮೊದಮೊದಲು ಆ ಕೂಗು ಕೇಳಿದಾಗ ನರ್ಸಕ್ಕ ಎರಡು ಸಲ ಓಡಿಹೋಗಿ ಬಾಗಿಲು ತಟ್ಟಿದರಂತೆ. ಅಣ್ಣ ಬಾಗಿಲಲ್ಲೇ ನಿಂತು ಫೋನು ತೋರಿಸಿ, ಎಲ್ಲ ನಮ್ಮ ಟೋನಕ್ಕನ ಕಿತಾಪತಿ ಎಂದು ನಕ್ಕನಂತೆ. ಆಮೇಲೆ ಯಾರೂ ಹೋಗಲಿಲ್ಲ.

ಎರಡು ತಿಂಗಳ ಹಿಂದೆ ಅತ್ತಿಗೆ ಅಂಗಡಿಗೆ ಬಂದು, ಆ ಟೋನು ಎಲ್ಲರ ಫೋನಿಂದಲೂ ತೆಗೆಸು ಎಂದರು. ನನ್ನ ಮುಖ ಸಣ್ಣದಾಯಿತು. ಯಾಕೆ, ಚೆನ್ನಾಗಿಲ್ಲವಾ ಎಂದು ಕೇಳಿದೆ. ನಾನು ನಿಜವಾಗಲೂ ಕೂಗಿದರೆ ಇನ್ನು ಯಾರು ಬರ್ತಾರೆ ಹೇಳು ಎಂದರು. ನೀವ್ಯಾಕೆ ಕೂಗ್ತೀರಿ, ನಮ್ಮಣ್ಣ ಏನು ಹುಲೀನಾ ಎಂದು ನಾನು ರೇಗಿಸಿದೆ.  ಅವರು ತಂದಿದ್ದ ಬಟ್ಟೆ, ಅಳತೆ ಕೊಟ್ಟು, ರವಿಕೆಯ ತೋಳು ಮಣಿಕಟ್ಟಿನವರೆಗೂ ಇರಲಿ ಎಂದು ಹೇಳಿ ಹೋದರು. ಆಗ ಕಡು ಬೇಸಿಗೆ.

ನಿನ್ನೆ ಸಂಜೆ 5.30ಕ್ಕೆ ಅಣ್ಣ ಕೆಲಸ ಮುಗಿಸಿ ಬರುವಾಗ ಅಂಗಡಿಗೆ ಬಂದು ಎರಡು ಮಾತಾಡಿ ಮೇಲೆ ಹೋದ. ನಾನು ರಾತ್ರಿಯೊಳಗೆ ಕೊಡಬೇಕಾಗಿದ್ದ ಬಟ್ಟೆ ಹೊಲಿಯುತ್ತಾ ಕೂತಿದ್ದೆ. ಯಂತ್ರದ ಸದ್ದಿನಲ್ಲಿ ನನಗೆ ಬೇರೇನೂ ಕೇಳಿಸಿಲ್ಲ. 7.50ಕ್ಕೆ ನಿಮ್ಮ ಜೀಪು ಬಂತು. ಮೇಲಕ್ಕೆ ಓಡಿದೆ. ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಹುಬ್ಬಿನ ಮೇಲೆ ಸೀಳಿತ್ತು, ಎಡಗೈ ಮಣಿಕಟ್ಟು ಮುರಿದು ಸೊಟ್ಟಗಾಗಿತ್ತು. ಕಾಲು ಜಾರಿತು ಎಂದಷ್ಟೇ ಹೇಳಿದರು. ಅಣ್ಣ ನಿಮ್ಮ ಸಾಹೇಬರಿಗೆ, 7.20ಕ್ಕೆ ತನ್ನ ಫೋನು ಹೊಡೆದುಕೊಂಡಿತು, ಪಕ್ಕದವರು ಕೇಳಿಸಿಕೊಂಡಿದ್ದು ಆ ಟೋನನ್ನೇ, ಅದಾದ ಮೇಲೆ ಇವಳು ಜಾರಿಬಿದ್ದಳು ಎಂದು ನನ್ನೆದುರಿಗೇ ಹೇಳಿದ. ಹೌದು ಸಾರ್, ಅದು ನಾನೇ ಮಾಡಿದ್ದು ಎಂದು ನಾನೂ ದನಿಗೂಡಿಸಿದೆ.

ಪೊಲೀಸರಿಗೆ ತಿಳಿಸಿದವರು ನರ್ಸಕ್ಕ ಎಂದು ಗೊತ್ತಾಗಿ ನನಗೆ ಮೈಯೆಲ್ಲ ಉರಿಯಿತು. ಊರ ಉಸಾಬರಿ ನಿಮಗ್ಯಾಕೆ ಎಂದು ಮೆಟ್ಟಿಲ ಮೇಲೆಯೇ ಬಾಯಿಗೆ ಬಂದ ಹಾಗೆ ಬೈದೆ. ಅವರು ತಿರುಗಿ ಬೈಯಲಿಲ್ಲ. ಕೂಗು ಕೇಳಿತು, ಫೋನು ಅಂತಲೇ ಅಂದುಕೊಂಡೆ, ಕೊನೆಗೆ ನಗು ಬರಬೇಕಲ್ಲ ಎಂದು ಸೌಟು ಹಿಡಿದುಕೊಂಡು ಕಾದೆ, ನಗು ಬರಲೇ ಇಲ್ಲ ಎಂದರು. ಫೋನು ಎತ್ತಿದರೆ ಟೋನು ಅರ್ಧಕ್ಕೇ ನಿಲ್ಲುತ್ತದೆ, ಅಷ್ಟೂ ತಿಳಿಯದೇ ಎಂದು ನಾನು ಕೇಳಿದೆ. ನಿಮ್ಮವರು ಅಣ್ಣನನ್ನು ಇಲ್ಲಿಗೆ ಕರೆತಂದು, ಅತ್ತಿಗೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ರಾತ್ರಿಯೆಲ್ಲ ನನಗೆ ಕಣ್ಣು ಹತ್ತಲಿಲ್ಲ.

ಇಷ್ಟು ಬರೆಸಿದ ಮೇಲೆ, ಬಾಯಿಮಾತು ಯಾಕೆ, ನೀವೇ ಕೇಳಿ ಎಂದು ಕೈಚೀಲದಿಂದ ಫೋನು ತೆಗೆದು ಮೇಡಂ ಮುಂದೆ ಟೋನು ಹಾಕಿದೆ. ಪೂರ್ತಿ ಕೇಳಿ, ಇದು ಯಾರ ಫೋನು ಎಂದರು. ಅಣ್ಣನದು ಎಂದೆ. ನಿಮ್ಮ ಹತ್ತಿರ ಯಾವಾಗಿನಿಂದ ಇದೆ ಎಂದರು. ನಿನ್ನೆ 5.30ಕ್ಕೆ ಅಂಗಡಿಯಲ್ಲಿ ಕೊಟ್ಟ, ಲಿಫ್ಟಿನ ಕೆಳಗಿನ ಹಳ್ಳಕ್ಕೆ ಇಳಿದು ಕೆಲಸ ಮಾಡುವಾಗ ಕೇಳಿಸುವುದಿಲ್ಲ, ಟೋನು ಇನ್ನೂ ಜೋರು ಮಾಡಿಕೊಡು ಪುಟ್ಟಿ ಎಂದ, ಪುರುಸೊತ್ತಾಗದೆ ಗುಂಡಿ ಡಬ್ಬದಲ್ಲಿ ಇಟ್ಟಿದ್ದೆ, ಬೆಳಿಗ್ಗೆ ಹಾಗೇ ಚೀಲಕ್ಕೆ ಹಾಕಿಕೊಂಡು ಬಂದೆ ಎಂದು ಹೇಳಿದೆ. ಮೇಡಂ ಬರೆಯುವುದನ್ನು ನಿಲ್ಲಿಸಿದರು.

ಅವರು ಯಾಕೆ ನಿಲ್ಲಿಸಿದರು ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. 7.20ಕ್ಕೆ ಅಣ್ಣನ ಫೋನು ನನ್ನ ಗುಂಡಿ ಡಬ್ಬದಲ್ಲಿತ್ತು. ನನ್ನ ಫೋನೂ ಅಂಗಡಿಯಲ್ಲೇ ಇತ್ತು. ಮೇಷ್ಟ್ರು ನಾಲ್ಕು ದಿನದಿಂದ ಊರಲ್ಲಿಲ್ಲ. ನರ್ಸಕ್ಕನ ಫೋನು ಹೊಡೆದುಕೊಂಡಿದ್ದರೆ ಅವರಿಗೇ ಗೊತ್ತಿರುತ್ತಿತ್ತು. ಹಾಗಾದರೆ ಗೋಡೆಯಾಚೆ ಕೂಗಿದ್ದು ಯಾವ ಫೋನು ಎಂದು ನಾನು ಮೇಡಂ ಅವರನ್ನೇ ಕೇಳಿದೆ. ಅವರು ಕುಡಿಯಲು ನೀರು ಕೊಟ್ಟರು.

ನನಗೆ ತಲೆಬುಡ ಒಂದೂ ತಿಳಿಯುತ್ತಿಲ್ಲ. ಅಣ್ಣ ನನ್ನನ್ನು ಎತ್ತಿ ಆಡಿಸಿದವನು. ಹೊಲಿಗೆ ಯಂತ್ರ ಕೊಡಿಸಿ ನನ್ನ ಕಾಲ ಮೇಲೆ ನಾನು ನಿಲ್ಲುವ ಹಾಗೆ ಮಾಡಿದವನು. ಎಲ್ಲರಿಗೂ ಕಳಿಸು ಎಂದಿದ್ದು ನಗಲಿ ಎಂದೇ ಇರಬಹುದು. ಜೋರು ಮಾಡು ಎಂದಿದ್ದು ಕೆಲಸದ ಸಲುವಾಗಿಯೇ ಇರಬಹುದು. ಆದರೆ ಫೋನು ಹೊಡೆದುಕೊಂಡಿತು ಎಂದು ಯಾಕೆ ಹೇಳಿದ? ಆ ಉದ್ದ ತೋಳುಗಳು ಕಣ್ಣ ಮುಂದೆಯೇ ಬರುತ್ತಿವೆ. ಅಳತೆ ತೆಗೆದವಳು ನಾನೇ, ಆದರೂ ಕೈ ನೋಡಲಿಲ್ಲ.

ಮೇಲೆ ಬರೆಸಿದ್ದನ್ನು ಹೊಡೆದುಹಾಕಬೇಕೇ ಎಂದು ಮೇಡಂ ಕೇಳಿದರು. ಬೇಡ, ಹಾಗೆ ನಂಬಿಕೊಂಡೇ ಬಂದಿದ್ದೆ, ಅದೂ ಇರಲಿ, ಕೆಳಗೆ ಇದನ್ನೂ ಬರೆಯಿರಿ ಎಂದೆ.

ಬರೆಸುತ್ತಿರುವಾಗ 10.40ಕ್ಕೆ ಚೀಲದೊಳಗಿನ ನನ್ನ ಫೋನು ಅದೇ ಟೋನಿನಲ್ಲಿ ಕೂಗಿತು. ಬಾಗಿಲ ಬಳಿಯಿದ್ದ ಕಾನ್‌ಸ್ಟೆಬಲ್ ಕುರ್ಚಿ ಬೀಳಿಸಿಕೊಂಡು ಎದ್ದರು. ಒಳಗಿನ ಕೋಣೆಯಿಂದ ಸಾಹೇಬರು ಯಾರದು, ಏನಾಯಿತು ಎಂದು ಓಡಿಬಂದರು. ಈ ಐದು ತಿಂಗಳಲ್ಲಿ ಆ ಕೂಗಿಗೆ ಎದ್ದವರನ್ನು ನಾನು ನೋಡಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಕರೆ ಆಸ್ಪತ್ರೆಯಿಂದ ಅತ್ತಿಗೆಯದು. ಠಾಣೆಯಲ್ಲಿ ಏನು ಹೇಳಿದೆ ಎಂದು ಕೇಳಿದರು. ಅಣ್ಣನ ಫೋನು ನನ್ನ ಹತ್ತಿರವೇ ಇತ್ತು ಎಂದು ಹೇಳಿಬಿಟ್ಟೆ ಅತ್ತಿಗೆ ಎಂದೆ.  ಅದಕ್ಕೆ ಅವರು, ಮೊದಲು ಆ ಟೋನು ಅಳಿಸು ತಾಯಿ, ಆಮೇಲೆ ಇಲ್ಲಿಗೆ ಬಾ, ನಾನೂ ಹೇಳುವುದಿದೆ, ಬರೆದುಕೊಳ್ಳುವವರನ್ನು ಕರೆದುಕೊಂಡು ಬಾ ಎಂದರು. ಅಳಿಸಲು ಹೋದೆ. ಈಗ ಅದು ಸಾಕ್ಷಿ, ಅಳಿಸುವಂತಿಲ್ಲ ಎಂದು ಮೇಡಂ ತಡೆದರು. ಎರಡೂ ಫೋನು ಮೇಜಿನ ಮೇಲೆ ಇಟ್ಟಿದ್ದೇನೆ.

ನಮ್ಮ ಕಟ್ಟಡದಿಂದ ಇನ್ನು ಮೇಲೆ ಯಾರು ಕೂಗಿದರೂ, ಕೊನೆಗೆ ನಗು ಬರುತ್ತದೋ ಇಲ್ಲವೋ ಎಂದು ಕಾಯದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ಮೇಲಿನದನ್ನು ಮೇಡಂ ನನಗೆ ಓದಿ ಹೇಳಿದ್ದಾರೆ. ಮೊದಲ ಭಾಗ ನಾನು ನಂಬಿದ್ದು, ಕೊನೆಯ ಭಾಗ ನನಗೆ ಗೊತ್ತಾಗಿದ್ದು. ಎರಡೂ ನಾನು ಹೇಳಿದಂತೆಯೇ ಇವೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಠಾಣೆಯ ಮುಂಗೋಣೆ
ದಿನಾಂಕ: 12, ಬುಧವಾರ, ಬೆಳಿಗ್ಗೆ 11.05
ಸಹಿ: (ಟೋನಕ್ಕ, ಲಿಫ್ಟ್ ಮೆಕ್ಯಾನಿಕ್‌ನ ತಂಗಿ)