ಮೊದಲು ಒಪ್ಪಿಕೊಂಡವರಿಗೆ ಮಾಫಿ

“ಹಲೋ... ಹಲೋ, ಯಾರು ಮಾತಾಡ್ತಿರೋದು? ಸ್ಪರ್ಧಾ ಆಯೋಗನಾ?... ಹಾಂ, ಅಂಗಡಿಯೋರು ಸೇರ್ಕೊಂಡು ರೇಟು ಏರಿಸಿದ್ರೆ ಹಿಡಿಯೋ ಆಫೀಸು, ಅದೇ ಅಲ್ವಾ?... ಜೋರಾಗಿ ಮಾತಾಡಕ್ಕಾಗಲ್ಲ ಮೇಡಂ. ಗಿರಾಕಿ ಇದ್ದಾರೆ.”

ಗಿರಾಕಿ ಒಬ್ಬರೂ ಇರಲಿಲ್ಲ. ಜೆರಾಕ್ಸ್ ಅಂಗಡಿಯವನು ತನ್ನ ದೊಡ್ಡ ಯಂತ್ರದ ಹಿಂದೆ, ಖಾಲಿ ಟೋನರ್ ಡಬ್ಬಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಬಾಯಿಗೆ ಅಂಗೈ ಅಡ್ಡ ಹಿಡಿದು ಪಿಸುಗುಡುತ್ತಿದ್ದ. ಅವನ ಹೆದರಿಕೆಯೆಲ್ಲ ಎದುರು ಸಾಲಿನ ಜೆರಾಕ್ಸ್ ಅಂಗಡಿಯದು. ಅಲ್ಲಿರುವವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಒಂದೇ ಮನೆಯ ಅಳಿಯಂದಿರು ಒಂದೇ ಬೀದಿಯಲ್ಲಿ ಒಂದೇ ಕಸುಬು ಹಿಡಿದು ಹದಿನಾಲ್ಕು ವರ್ಷದಿಂದ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಣ್ಣಲ್ಲೇ ಎಳೆದುಕೊಳ್ಳುತ್ತಿದ್ದರು.

“ಮಾಫಿ ವಿಷಯ ಮೇಡಂ... ಅದೇ, ‘ಮೊದಲು ಒಪ್ಪಿಕೊಂಡವರಿಗೆ ಪೂರ್ತಿ ಮಾಫಿ’ ಅಂತ ನಿಮ್ಮ ನೋಟೀಸಲ್ಲಿದೆಯಲ್ಲ... ಎಲ್ಲಿ ಓದಿದ್ನಾ? ಇನ್ನೂರು ಪ್ರತಿ ಜೆರಾಕ್ಸ್ ಮಾಡ್ಕೊಟ್ಟಿದ್ದೇ ನಾನು... ಹೌದಾ, ಅಂಚಲ್ಲಿ ಮಸಿ ಹತ್ತಿತ್ತಾ? ಅದನ್ನ ಆಮೇಲೆ ನೋಡೋಣ ಮೇಡಂ.”

ಆ ನೋಟೀಸಿನ ಪ್ರತಿ ತೆಗೆಯುವಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ತಾನಾಗಿ ಫೋನು ಮಾಡಿ ‘ನಾನೇ ಕಳ್ಳ’ ಅನ್ನುವಷ್ಟು ಪೆದ್ದ ಯಾವನಿದ್ದಾನು ಎಂದು ಎದುರಿದ್ದವರನ್ನೆಲ್ಲ ಕೇಳಿದ್ದ. ಈಗ ಮಿಕ್ಕ ಒಂದು ಪ್ರತಿಯನ್ನು ಮೊಣಕಾಲ ಮೇಲೆ ಹರಡಿಕೊಂಡು, ಅದರ ಅಡಿಯಲ್ಲಿದ್ದ ನಂಬರಿಗೇ ಫೋನು ಹಚ್ಚಿದ್ದ.

“ಮೂರು ಜನ ಮೇಡಂ. ನಾನು, ನನ್ನ ಷಡ್ಡಕ, ಮೂಲೆ ಅಂಗಡಿ ಲ್ಯಾಮಿನೇಷನ್ ತಾತ. ಮೂರು ಅಂಗಡೀಲೂ ಹಾಳೆಗೆ ಒಂದೇ ರೇಟು, ಯಾರೂ ಇಳಿಸಬಾರದು ಅಂತ ಇವತ್ತು ಬೆಳಿಗ್ಗೆ ಮಾತಾಡ್ಕೊಂಡ್ವಿ... ಹಾಂ, ಬರೆದು ಸಹಿ ಹಾಕಿದ್ವಿ... ಯಾಕೆ ಬರೆದ್ರಿ ಅಂದ್ರೆ? ಬರೀ ಬಾಯಿಮಾತು ನಂಬಕ್ಕಾಗುತ್ತಾ? ಆ ಇಬ್ಬರೂ ಮಹಾ ಮೋಸಗಾರರು... ಇನ್ನೇನಿದೆಯಾ? ಪಿನ್ನು ಪುಕ್ಕಟೆ ಹೊಡೆದುಕೊಡಬಾರದು ಅಂತ ಒಂದು ಷರತ್ತಿದೆ. ಅದು ತಾತಂದು.”

ಗುಟ್ಟಿನ ಕಾಗದವನ್ನು ಲೋಕದಲ್ಲಿ ಯಾರೇ ಆದರೂ ಓದಿ ಹರಿದುಹಾಕುತ್ತಾರೆ. ಈ ಮೂವರು ಕಸುಬಿನವರು. ಕಾಗದ ಕಂಡರೆ ಕೈ ಸುಮ್ಮನಿರುವುದಿಲ್ಲ. ಆಳಿಗೊಂದು ಪ್ರತಿ ಇರಲಿ ಎಂದು ಇದೇ ಯಂತ್ರದಲ್ಲಿ ಮೂರು ಜೆರಾಕ್ಸ್ ತೆಗೆದು, ಮಡಚಿ ಜೇಬಿಗಿಟ್ಟುಕೊಂಡು ಕೈಕುಲುಕಿ ಎದ್ದರು. ಒರಿಜಿನಲ್ ಗಾಜಿನ ಮೇಲೇ ಉಳಿಯಿತು. ದಿನಕ್ಕೆ ನೂರು ಗಿರಾಕಿಗಳ ಬೆನ್ನಿಗೆ ‘ಒರಿಜಿನಲ್ ತಗೊಂಡ್ರಾ’ ಎಂದು ಕೂಗುವ ಮನುಷ್ಯ ತನಗೆ ತಾನು ಮಾತ್ರ ಕೂಗಿಕೊಳ್ಳಲಿಲ್ಲ. ಅವರ ಹಿಂದೆಯೇ ಬಂದ ಆಯೋಗದ ಟೈಪಿಸ್ಟ್ ಹೆಂಗಸು ತನ್ನ ಕಾಗದಗಳ ಜೊತೆ ಅದನ್ನೂ ಬಾಚಿ ಫೈಲಿಗೆ ಹಾಕಿಕೊಂಡು ಹೋಗಿದ್ದಳು.

“ಹಾಂ, ನಿಮ್ಮ ಟೈಪಿಸ್ಟೇ... ಹಸಿರು ಫೈಲು... ಊಟಕ್ಕೆ ಹೋಗಿದ್ದಾರಾ? ಹಾಗಾದ್ರೆ ಫೈಲು ಇನ್ನೂ ಬಿಚ್ಚಿಲ್ಲ... ಬೇಡ ಬೇಡ, ನೀವು ಬಿಚ್ಚೋದು ಬೇಡ. ಅದು ನಿಮ್ಮ ಕಣ್ಣಿಗೆ ಬೀಳೋ ಮುಂಚೆ ಒಪ್ಕೊಂಡ್ರೆ ತಾನೇ ಮಾಫಿ? ಟೈಮು ಬರ್ಕೊಳ್ಳಿ. ಒಂದು ಗಂಟೆ ಹತ್ತು ನಿಮಿಷ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನಾದರೋ ಯಾರೂ ಏನೂ ಅನ್ನುವ ಮುಂಚೆಯೇ ಹೆಗಲು ತೊಳೆದುಕೊಳ್ಳಲು ಕೂತಿದ್ದ.

“ಮಿಕ್ಕವರಿಗೆ ಏನಾಗುತ್ತೆ ಮೇಡಂ?... ಎರಡನೆಯವರಿಗೆ ಅರ್ಧ ದಂಡ. ಹೂಂ... ಮೂರನೆಯವರಿಗೆ?... ಪೂರ್ತೀನಾ? ಪೂರ್ತಿ ಅಂದ್ರೆ, ಅಂಗಡಿ ಉಳಿಯುತ್ತಾ?”

ಉತ್ತರ ಕೇಳಿ ಅವನು ಮೆಲ್ಲಗೆ ತಲೆಯೆತ್ತಿ ಯಂತ್ರದ ಮೇಲಿಂದ ಬೀದಿಯ ಆಚೆಗೆ ನೋಡಿದ. ಷಡ್ಡಕ ತನ್ನ ಹಳೆಯ ಯಂತ್ರದ ಬಾಗಿಲು ತೆಗೆದು, ಸಿಕ್ಕಿಕೊಂಡ ಹಾಳೆಯನ್ನು ಹರಿಯದ ಹಾಗೆ ಎಳೆಯುತ್ತಿದ್ದ. ಹೋದ ವರ್ಷ ಇವನ ಯಂತ್ರ ಕೆಟ್ಟು ಹನ್ನೊಂದು ದಿನ ಕೂತಾಗ, ಇವನ ಕೆಲಸವನ್ನೆಲ್ಲ ಬೈದುಕೊಂಡೇ ಮಾಡಿಕೊಟ್ಟವನು ಅವನು. ಇವನಿಗೆ ಸಂಕಟವಾಯಿತು. ಹೆಂಡತಿಗೆ ಗೊತ್ತಾದರೆ ಮನೆಯಲ್ಲಿ ಒಂದು ಲೋಟ ನೀರೂ ಹುಟ್ಟುವುದಿಲ್ಲ ಎಂಬುದು ಬೇರೆ ಮಾತು, ಸಂಕಟವಾದದ್ದಂತೂ ನಿಜ.

“ಮೇಡಂ, ಮೊದಲನೇ ಜಾಗದಲ್ಲಿ ನನ್ನ ಹೆಸರು ಬೇಡ. ಷಡ್ಡಕಂದು ಬರ್ಕೊಳ್ಳಿ... ಯೋಚನೆ ಮಾಡೇ ಹೇಳ್ತಿದ್ದೀನಿ. ಅವನ ಪರವಾಗಿ ನಾನು ಒಪ್ಕೊಂಡಿದ್ದೀನಿ ಅಂತ ಬರೀರಿ. ನನ್ನ ಪಾಡು ಹೇಗಾದ್ರೂ ಆಗ್ಲಿ.”

ತನ್ನ ಒಳ್ಳೆಯತನಕ್ಕೆ ತನಗೇ ಕಣ್ಣು ತುಂಬಿ ಬಂತು. ಕೈಗೆ ಸಿಕ್ಕ ಬಟ್ಟೆಯಿಂದ ಒರೆಸಿಕೊಂಡ. ಅದು ಟೋನರ್ ಒರೆಸುವ ಬಟ್ಟೆಯಾಗಿತ್ತು.

“ಹಾಂ?... ಇನ್ನೊಬ್ಬರ ಪರವಾಗಿ ಒಪ್ಪಿಕೊಳ್ಳೋ ಹಾಗಿಲ್ವಾ? ಮತ್ತೆ ನಾನು ಹೇಳಿದ್ದು ಏನಾಗುತ್ತೆ?... ದೂರಾ? ನನ್ನ ಷಡ್ಡಕನ ಮೇಲೆ ನಾನೇ ದೂರು ಕೊಟ್ಟ ಹಾಗಾ? ಅಯ್ಯೋ, ಹೊಡೆದುಹಾಕಿ ಮೇಡಂ... ಬರೆದ ಮೇಲೆ ಹೊಡೆಯೋ ಹಾಗಿಲ್ಲ... ಏನು? ಆಗಲೇ ಇಂಥದೇ ಇನ್ನೊಂದು ಬಂತಾ?... ಯಾರು, ನನ್ನ ಷಡ್ಡಕನಾ?... ಟೈಪಿಸ್ಟ್ ಹಾಳೆ ಬಾಚ್ಕೊಂಡು ಹೋಗಿದ್ದನ್ನ ಎದುರಿಂದ ನೋಡಿದ್ನಾ? ಹೇಳ್ಬಾರ್ದಾ ಮತ್ತೆ ನಂಗೆ... ‘ಆ ಪೆದ್ದ ಹೇಗಿದ್ರೂ ಸಿಕ್ಕಿಬೀಳ್ತಾನೆ, ಮಾಫಿ ಅವನಿಗೇ ಕೊಡಿ’ ಅಂದ್ನಾ?... ಹಾಗಂತ ಅವನ ಬಾಯಲ್ಲೇ ಬಂತಾ ಮೇಡಂ?”

ಇವನು ಎದ್ದೇ ನಿಂತ. ಆಚೆ ಷಡ್ಡಕನೂ ತಲೆಯೆತ್ತಿದ. ಅರ್ಧ ಮುಖ ಕಪ್ಪಾಗಿ, ಫೋನು ಕಿವಿಗಿಟ್ಟುಕೊಂಡು ಅಳುತ್ತ ನಗುತ್ತ ನಿಂತ ಇವನನ್ನು ಕಂಡು ಅವನಿಗೆ ಎಲ್ಲ ತಿಳಿದುಹೋಯಿತು. ಇವನು ಕೈ ಬೀಸಿದ. ಅವನೂ ಬೀಸಿದ. ಹದಿನಾಲ್ಕು ವರ್ಷದಲ್ಲಿ ಇಬ್ಬರೂ ಗಿರಾಕಿಯನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡಿದ್ದು ಇದೇ ಮೊದಲು, ಕೈ ಇಳಿಸಲು ಇಬ್ಬರಿಗೂ ಮನಸ್ಸೇ ಬರಲಿಲ್ಲ.

“ಇದ್ದೀನಿ ಮೇಡಂ, ಹೇಳಿ... ಅವನದೂ ದೂರು, ನನ್ನದೂ ದೂರು. ಅಂದ್ರೆ ಒಪ್ಕೊಂಡೋರು ಯಾರೂ ಇಲ್ಲ, ಮೊದಲನೇ ಜಾಗ ಖಾಲಿ ಅಲ್ವಾ?... ಇಲ್ವಾ? ಯಾಕಿಲ್ಲ?... ಪಕ್ಕದ ಫೋನಿಗೆ ಬಂತಾ? ಯಾವಾಗ?... ಈಗ ತಾನೇ... ಯಾರು, ಲ್ಯಾಮಿನೇಷನ್ ತಾತನಾ? ಸ್ವಂತ ಹೆಸರಲ್ಲೇನಾ?... ನಾವಿಲ್ಲಿ ಕೈ ಬೀಸ್ತಾ ನಿಂತಿದ್ವಲ್ಲ ಮೇಡಂ, ಆಗ್ಲಾ?”

ಇವನ ಕೈ ಇನ್ನೂ ಮೇಲೇ ಇತ್ತು. ಈಗ ಉಳಿದಿದ್ದುದು ಎರಡನೇ ಜಾಗವೊಂದೇ, ಅದರಾಚೆ ಅಂಗಡಿ ಹೋದಂತೆಯೇ. ಇವನ ಮುಖ ಇಳಿದದ್ದನ್ನು ಎದುರಿನವನು ನೋಡಿದ. ಮೊದಲನೇ ಜಾಗ ಕೈತಪ್ಪಿತೆಂದು ಅದರಲ್ಲೇ ಓದಿಕೊಂಡ. ಆಮೇಲೆ ನಗು ಬಿಡದೆ, ಬಲಗೈಯನ್ನು ಹಾಗೇ ಬೀಸುತ್ತ, ಎಡಗೈಯಿಂದ ಜೇಬಿನ ಫೋನು ತೆಗೆದು ಹೆಬ್ಬೆರಳಲ್ಲಿ ನಂಬರು ಒತ್ತತೊಡಗಿದ.

“ಮೇಡಂ, ಎರಡನೇದು... ಎರಡನೇದು ನಂದು. ನಾನು ಮೇಡಂ, ನಾನೇ, ಯಾರ ಪರವಾಗೂ ಅಲ್ಲ... ಫೋನು ಬರ್ತಿದೆಯಾ? ಎತ್ಬೇಡಿ, ಅದು ಅವನೇ... ನನ್ನ ಹೆಸರಾ? ಹಾಂ, ಬರ್ಕೊಳ್ಳಿ, ನನ್ನ ಹೆಸರು... ಅಯ್ಯೋ, ಅದನ್ನ ಯಾಕೆ ಎತ್ತಿದ್ರಿ? ಹಲೋ? ಮೇಡಂ? ಹ...”