ರೇಡಾರ್ ಆರಿಸಿ ಹೋದ ಓಬಳಪ್ಪನವರು

ಮಧುಗಿರಿಯ ಹಿರಿಯರೇ, ಕೊಳಾಲದಿಂದ ಬಂದಿರುವ ಓಬಳಪ್ಪನವರ ಅಣ್ಣತಮ್ಮಂದಿರೇ, ಮುಂದೆ ಕೂತಿರುವ ಅವರ ಧರ್ಮಪತ್ನಿ ಕೆಂಪಕ್ಕನವರೇ — ಎಲ್ಲರಿಗೂ ನಮಸ್ಕಾರ. ನಾನು ನಾಗಲಿಂಗಯ್ಯ, ಸಿರಾ ಕಡೆಯವನು. ಓಬಳಪ್ಪನವರ ಜೊತೆ ಹನ್ನೆರಡು ವರ್ಷ ರೇಡಾರ್ ಕೆಲಸ ಮಾಡಿದವನು. ಹೋದ ತಿಂಗಳು, ಈ ಎಂಬತ್ತೆಂಟನೇ ಇಸವಿಯ ಫೆಬ್ರವರಿಯಲ್ಲಿ, ಪಾವಗಡದ ಆಚೆ ಬಯಲಿನಲ್ಲಿ ಅವರು ತೀರಿಕೊಂಡಾಗ ಹತ್ತಿರ ಇದ್ದವನೂ ನಾನೇ.

ಅಂದು ಪರೀಕ್ಷೆಗೆ ಬಂದದ್ದು ಪೈಲಟ್ ಇಲ್ಲದ ಒಂದು ಸಣ್ಣ ವಿಮಾನ. ಮೇಲೆ ಸುಮ್ಮನೆ ಸುತ್ತುತ್ತಾ ಇರುತ್ತದೆ. ಕೆಳಗೆ ಶತ್ರುವಿನ ರೇಡಾರ್ — ಅಂದು ಆ ಪಾತ್ರ ನಮ್ಮ ರೇಡಾರಿನದೇ — ಅಲೆ ಬಿಟ್ಟಿತೋ, ನೇರ ಬಂದು ಅದರ ಮೇಲೆ ಎರಗುತ್ತದೆ. ರೇಡಾರ್ ಆರಿಸಿದರೆ ಎರಗುವುದಿಲ್ಲ — ಸುತ್ತುತ್ತಾ ಕಾಯುತ್ತದೆ. ಎಂಜಿನಿಯರುಗಳು ಇದನ್ನೇ ಇಪ್ಪತ್ತು ಹಾಳೆ ಬರೆದಿದ್ದರು. ಓಬಳಪ್ಪನವರು ಕುರಿ ಕಾಯುವ ಮನೆತನದವರಲ್ಲವೇ, ಅವರದು ಒಂದೇ ಮಾತು: "ಹದ್ದು ಸುತ್ತೋವಾಗ ಕೋಳಿ ಕೂಗಬಾರ್ದು ಕಣ್ಲಾ, ಅಷ್ಟೇಯ." ಎಂಜಿನಿಯರುಗಳೂ ನಕ್ಕುಬಿಟ್ಟರು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಆಂಟೆನಾದ ಹತ್ತಿರ ಹೋಗುವವನು ರೇಡಾರ್ ಆರಿಸಿ, ಅದರ ಕೀಲಿಯನ್ನು ತಾನೇ ಒಯ್ಯಬೇಕು. ಕೀಲಿ ಜಾಗದಲ್ಲಿಲ್ಲ ಅಂದರೆ — ಹೊರಗೆ ಮನುಷ್ಯ ಇದ್ದಾನೆ ಅಂತ. ಓಬಳಪ್ಪನವರು ಅದನ್ನು ಉಡುದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. "ಜೇಬು ತೂತಾಗ್ತದೆ, ಉಡುದಾರ ತೂತಾಗಲ್ಲ" ಅನ್ನೋರು.

ಅಂದು ರೇಡಾರ್ ಆಗಷ್ಟೇ ಹಚ್ಚಿತ್ತು, ವಿಮಾನ ಇನ್ನೂ ಎರಗದೆ ಮೇಲೆ ಸುತ್ತುತ್ತಿತ್ತು. ನಾನು ರೇಡಾರ್ ಕೋಣೆಯ ಹೊರಗೆ, ಹಿಂಬದಿಯಲ್ಲಿ ಟೆಲಿಫೋನಿನಲ್ಲಿದ್ದೆ; ಆಂಟೆನಾ ಅಲ್ಲಿಗೆ ಕಾಣದು. ಆಗ ಬೇಲಿ ದಾಟಿ ಕುರಿ ನುಗ್ಗಿದವು, ಹಿಂದೆ ಮುದುಕಿ ಈರಕ್ಕ, ಆಂಟೆನಾದ ಬುಡಕ್ಕೇ. ಓಬಳಪ್ಪನವರು ರೇಡಾರ್ ಆರಿಸಿದರು, ಕೀಲಿ ಕಿತ್ತುಕೊಂಡರು, ಓಡಿದರು. ಇದೆಲ್ಲ ಆಮೇಲೆ ತಿಳಿದದ್ದು, ಆಗ ನನಗೆ ಇದೊಂದೂ ಕಾಣಲಿಲ್ಲ. ನಾನು ಒಳಗೆ ಬಂದೆ. ರೇಡಾರ್ ಆರಿತ್ತು. ಓಬಳಪ್ಪನವರು ಇರಲಿಲ್ಲ. ಪರೀಕ್ಷೆ ನೋಡಲು ದೊಡ್ಡ ಅಧಿಕಾರಿಗಳು ಕಾಯುತ್ತಿದ್ದರು, ತಡವಾಯಿತು ಅಂತ ಫೋನಿನಲ್ಲಿ ಆಗಲೇ ಬೈಸಿಕೊಂಡಿದ್ದೆ.

ಬಂಧುಗಳೇ — ಕೀಲಿ ಜಾಗದಲ್ಲಿ ಇರಲಿಲ್ಲ. ನಾನು ನೋಡಿದೆ. ನೋಡಿಯೂ, ಪೆಟ್ಟಿಗೆಯಿಂದ ಇನ್ನೊಂದು ಕೀಲಿ ತೆಗೆದು ತಿರುಗಿಸಿದೆ.

ಆಂಟೆನಾದ ಬುಡಕ್ಕೆ ಎರಗಿದ ಆ ವಿಮಾನದಲ್ಲಿ ಸಿಡಿಮದ್ದು ಇರಲಿಲ್ಲ, ಬರೀ ತೂಕಕ್ಕೆ ಮರಳು. ಮನುಷ್ಯನಿಗೆ ಅಷ್ಟೇ ಸಾಕಾಯಿತು.

ವಿಚಾರಣೆಯ ಕಾಗದದಲ್ಲಿ ಏನು ಬರೆದಿದೆ ಗೊತ್ತೇ? "ಓಬಳಪ್ಪ ಅಪ್ಪಣೆಯಿಲ್ಲದೆ ಜಾಗ ಬಿಟ್ಟು ಹೋಗಿ ಸತ್ತರು." ಅದಕ್ಕೆ ಸಾಕ್ಷಿ ಹಾಕಿದವನು ನಾನು. ಇನ್ನೊಂದು ಕೀಲಿಯ ಮಾತೇ ಎತ್ತಲಿಲ್ಲ. ನೌಕರಿ ಹೋದೀತು ಅಂತ ಹೆದರಿದೆ. ಅಂದಿನಿಂದ ಕೆಂಪಕ್ಕನವರ ಮನೆ ಮುಂದೆ ಜನ "ತನ್ನ ತಪ್ಪಿಗೆ ತಾನೇ ಹೋದ" ಅಂತ ಮಾತಾಡಿಕೊಂಡರು. ನಾನು ಅದನ್ನು ಕೇಳಿಸಿಕೊಂಡೇ ದಿನಾ ಕೆಲಸಕ್ಕೆ ಹೋಗಿಬರುತ್ತಿದ್ದೆ.

ಮೊನ್ನೆ ಈರಕ್ಕ ನನ್ನ ಕೈ ಹಿಡಿದು ಕೇಳಿತು: "ನಾಯನಾ, ನನ್ನ ಆಚೆ ತಳ್ಬುಟ್ಟು ಮರಿ ಎತ್ಕೊಳ್ಳಾಕೆ ತಿರುಗ್ದ ಕಣಪ್ಪಾ. ಅವ್ನು ಏನ್ ತಪ್ಪು ಮಾಡ್ದ?"

ಏನೂ ಮಾಡಲಿಲ್ಲ, ಕೆಂಪಕ್ಕ. ಮಾಡಿದವನು ನಾನು. ಇಂದು ಬೆಳಿಗ್ಗೆ ಹಾಗಂತ ಬರೆದು, ಸಹಿ ಹಾಕಿ, ಆಫೀಸಿಗೆ ಕೊಟ್ಟು ಬಂದಿದ್ದೇನೆ. ನಾಳೆ ಏನಾಗುತ್ತದೋ ಆಗಲಿ. ನಿಮ್ಮ ಕ್ಷಮೆ ಕೇಳುವ ಮುಖ ನನಗಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಂತು, ಎರಡು ನಿಮಿಷ ಓಬಳಪ್ಪನವರನ್ನು ಮೌನವಾಗಿ ನೆನೆಯಿರಿ. ಕೆಂಪಕ್ಕ, ನೀವು ಕೂತೇ ಇರಿ. ಇಷ್ಟು ದಿನ ಊರಿನ ಮುಂದೆ ತಲೆ ತಗ್ಗಿಸಿ ನಿಂತದ್ದು ಸಾಕು.