ಹತ್ತನೇ ನಂಬರಿಗೆ ಯಾರ ಹೆಸರು

…ಇಲ್ಲೋ, ಈ ಸಲದ ರಗ್ಬಿ ಪಟ್ಟ್ಯಾಗ ಆಸ್ಟಿನ್ನಿನ ಹಸಿರಂಗಿಯವರು ಮೂರನೇ ನಂಬರ್. ಅದಕ್ಕಿಂತ ಮ್ಯಾಲ ನಾ ಏರಸಂಗಿಲ್ಲ, ನೀ ಏನರ ಅನ್ನು. ಯಾಕ ನಗ್ತಿ? ಏ, ನಗಬ್ಯಾಡೋ ಶ್ರೀ, ಆಮ್ಯಾಲ ತಲಿ ನೋಯ್ತೈತಿ! ಹೋದ ವರ್ಷನೂ ಹಿಂಗ ನಕ್ಕಿದ್ದಿ, ‘ಡ್ಯಾಡ್, ಯು ಜಸ್ಟ್ ಹೇಟ್ ಆಸ್ಟಿನ್’ ಅಂತ. ಹೇಟ್ ಅಲ್ಲಪಾ, ಲೆಕ್ಕ! ಸ್ಕ್ರಮ್‌ನ್ಯಾಗ ಮುಂದ ನಿಂತು ದಬ್ಬತಿದ್ದ ಆ ಮೂರೂ ದಾಂಡಿಗರು ಮೇ ತಿಂಗಳಾಗ ಸಾಲಿ ಮುಗಿಸಿ ಹೋದರು. ಈಗ ಉಳದವರೆಲ್ಲಾ ಬಡಕಲು ಹುಡುಗರು. ಮೂರನೇದು ಅಂದ್ರ ಮೂರನೇದು.

ಪರದೆ ಇನ್ನೊಂದ ಚೂರ ಎಳೀಲೇನು? ಸಂದಿಯಿಂದ ಬೆಳಕ ಬೀಳಾಕತ್ತೈತಿ. ಟೋಪಿ ಕಣ್ಣಮಟ ಎಳಕೋ… ಹಾಂ, ಹಂಗ. ನೀ ಸುಮ್ಮನ ಮಲಕೊಂಡ ಕೇಳು, ಓದೂದು ನಂದು. ಪುಸ್ತಕ ಬ್ಯಾಡ, ಫೋನ್ ಬ್ಯಾಡ ಅಂದಾರ ಡಾಕ್ಟರ್. ಅಪ್ಪನ ಬಡಬಡಿಕಿ ಬ್ಯಾಡ ಅಂತ ಅಂದಿಲ್ಲಲ್ಲ! ನಿಮ್ಮವ್ವ ಪೇರ್ಲ್ಯಾಂಡಿಗೆ ಮೀನಾಕ್ಷಿ ಗುಡಿಗೆ ಹೋಗ್ಯಾಳ. ಬರಾಕ ಇನ್ನೂ ತಾಸರ ಬೇಕು. ಅಷ್ಟರಾಗ ಇದ್ನ ಮುಗಸೋಣ.

ದಾನಪ್ಪ ಅಂಕಲ್ ಎರಡ ಸಲ ಫೋನ್ ಮಾಡಿದ್ರು ಡಲ್ಲಾಸ್ ಬಾಜೂಕಿನ ಲಿಟಲ್ ಎಲ್ಮ್‌ನಿಂದ. ‘ಏನ್ರಿ ಸಂಗನಬಸಪ್ಪ, ಜೋಯಿಸರು ಈ ಸಲ ಪಂಚಾಂಗ ತಗಿಯಂಗಿಲ್ಲೇನ್ರಿ? ಎರಡು ಸಾವಿರದ ಹದಿನೇಳರಾಗ ನಮ್ಮ ಡಲ್ಲಾಸ್ ಗೆಲ್ಲತೈತೋ ಇಲ್ಲೋ ಹೇಳ್ರಿ’ ಅಂತ. ಅವರ ಮಗ ಸಿದ್ಧಾರೂಢನ್ನ ಕೆಂಪಂಗಿ ಟೀಮಿಗೆ ತಗೊಂಡಾರಂತ. ಅವರಷ್ಟ ಅಲ್ಲ, ಬಿಳೀ ಮಂದೀನೂ ಕೇಳಾಕತ್ತಾರ! ಡಲ್ಲಾಸಿಂದೆರಡು, ಹ್ಯೂಸ್ಟನ್ನಿಂದೆರಡು, ಆಸ್ಟಿನ್ನಿಂದೆರಡು, ಆರೂ ಪ್ರೈವೇಟ್ ಸಾಲಿ ತಾಯಿ-ತಂದಿಗೋಳು ಡಿಸೆಂಬರ್ ಬಂತಂದ್ರ ಯಾರ ಗೆಲ್ತಾರ ಅಂತ ನಾ ಬರಿಯೂ ಇಮೇಲ್ ದಾರಿ ಕಾಯ್ತಾರ. ಗದಗಿನಾಗ ಕಬಡ್ಡಿ ಆಡಿದಾಂವ ನಾನು, ರಗ್ಬಿ ಚೆಂಡ ಕಣ್ಣಿಲೆ ಕಂಡಾಂವ ಅಲ್ಲ. ನಿನ್ನ ಮೊದಲನೇ ಮ್ಯಾಚ್ ನೆನಪೈತೇನು? ‘ಚೆಂಡ ಮುಂದ ಒಗಿಯೋ, ಮುಂದ ಒಗಿ’ ಅಂತ ಒದರಿದೆ! ಈ ಆಟದಾಗ ಚೆಂಡ ಹಿಂದಕ್ಕ ಒಗೀಬೇಕು ಅಂತ ಯಾವಾಂವಗ ಗೊತ್ತು? ಎಲ್ಲಾರೂ ನನ್ನ ಮಾರೀನ ನೋಡಿದ್ರು. ನೀ ನಾಚಿಕೊಂಡು ನೀರಿನ ಬಾಟ್ಲಿ ಹಿಂದ ಮಾರಿ ಮುಚಗೊಂಡಿ.

ಆ ಮಾತ ಬಿಡು. ಕೇಳು, ಎರಡನೇದು ಡಲ್ಲಾಸಿನ ಕೆಂಪಂಗಿ. ಓಡೂದ್ರಾಗ ಅವರನ್ನ ಹಿಡ್ಯಾವ್ರಿಲ್ಲ, ಖರೆ. ಆದ್ರ ದಮ್ಮಿಲ್ಲ. ಕಡೀ ಹತ್ತ ನಿಮಿಷ ಸೊಂಟಕ್ಕ ಕೈ ಇಟಗೊಂಡ ನಿಂತಬಿಡ್ತಾರ. ಮೊದಲನೇದು? ಹೂಂ… ಮೊದಲನೇದು ನಮ್ಮ ಹ್ಯೂಸ್ಟನ್ನಿನ ನೀಲಿ ಅಂಗಿ. ಏ, ಹುಬ್ಬ ಯಾಕ ಏರಸ್ತಿ? ಮಗನ ಸಾಲಿ ಅಂತ ಮ್ಯಾಲ ಹಾಕಿಲ್ಲೋ! ಮುಂದಿನ ಎಂಟೂ ಮಂದಿ ಹೋದ ವರ್ಷದವರ ಇದ್ದಾರ. ಒಂಬತ್ತನೇ ನಂಬರಿಗೆ ರಕ್ಷಿತ್. ಕುಳ್ಳ ಆದ್ರೂ ಅವನ ಕೈ ಭಾಳ ಚಲೋ. ಹತ್ತಕ್ಕ… 

ಹತ್ತಕ್ಕ…

ಅಲ್ಲ, ಹತ್ತಕ್ಕ ಇನ್ನೂ ಬರದಿಲ್ಲ. ಮುಂಜಾನೆ ನಿನ್ನ ಹೆಸರ ಬರದೆ. ಅಳಿಸಿದೆ. ಚಾ ಕುಡದ ಬಂದು ಮತ್ತ ಬರದೆ. ಎಲ್ಲಾ ಚೆಂಡೂ ಹತ್ತನೇ ನಂಬರಿನ ಕೈಮ್ಯಾಲ ಹೋಗಬೇಕು, ಅಲ್ಲಿ ಯಾರ ಹೆಸರ ಇಡ್ಲಿ ನಾನು? ಮೊನ್ನೆ ಸೋಮವಾರ ಡಾಕ್ಟರ್ ಅಂದಿದ್ದು ನಾವ ಮೂರೂ ಮಂದಿ ಕೇಳೇವಿ. ಈ ಸೀಸನ್ ಅಷ್ಟ ಅಲ್ಲ, ಎಂದೂ ಬ್ಯಾಡ ಅಂದ್ರು. ಚೆಂಡ ಮುಟ್ಟೂದ ಬ್ಯಾಡ. ನನಗೂ ಗೊತ್ತೈತಿ. ಆದ್ರ ನಿನ್ನ ಹೆಸರ ಬಿಟ್ಟು ಆ ಸಾಲು ಬರ್ಯಾಕ ಕೈ ಏಳವಲ್ದು ಯಪ್ಪಾ.

ಯಾಕೋ? ಗ್ವಾಡಿ ಕಡೆ ಯಾಕ ಹೊಳ್ಳಿದಿ? ತಲಿ ನೋಯಾಕತ್ತೈತೇನು? ನೀರ ಬೇಕೇನು? ಬ್ಯಾಡ?

ನಿನ್ನೆ ಊಟದ ಹೊತ್ತಿಗೆ ನಿಮ್ಮವ್ವ ಅಂದಿದ್ದು ಮನಸ್ಸಿಗೆ ಹಚಗೊಂಡಿ ಅಲ್ಲ? ಹಚಗೋಬ್ಯಾಡೋ. ಡಾಕ್ಟರ ಆಫೀಸಿಂದ ಬಂದ ಕಾಗದ ಓದಿ ಅಕಿ ಜೀವಾನ ಹಾರಿಹೋತು. ನೀ ನಿನ್ನ ಬಾಯಿಲೆ ಹೇಳೀದಿ ಅಂತ ಬರದಾರ ಅದರಾಗ. ಜನವರಿ ಟೆಸ್ಟ್‌ನ್ಯಾಗ ಬೇಕಂತ ತಪ್ಪ ಉತ್ತರ ಕೊಟ್ಟೆ, ನನಗ ಯಾರೂ ಹೇಳಿಕೊಟ್ಟಿಲ್ಲ ಅಂತ. ಅಕಿಗೆ ಮೊದಲ ತಿಳೀಲಿಲ್ಲ, ‘ಯಾವ ಟೆಸ್ಟ್ ರಿ?’ ಅಂತ ನನ್ನ ಕೇಳಿದ್ಲು. ನಾನ ಕೂತು ಬಿಡಿಸಿ ಹೇಳಿದೆ. ಸೀಸನ್ ಸುರು ಆಗೂ ಮೊದಲ ಹುಡುಗರನ್ನ ಕಂಪ್ಯೂಟರ್ ಮುಂದ ಕೂಡಸ್ತಾರ. ಹತ್ತ ಶಬ್ದ ತೋರಿಸಿ ನೆನಪಿಟಗೋ ಅಂತಾರ, ಚಿತ್ರ ತೋರಿಸಿ ಲಗೂನ ಬಟನ್ ಒತ್ತು ಅಂತಾರ. ಮುಂದ ಎಂದರ ತಲಿಗೆ ಪೆಟ್ಟ ಬಿತ್ತಂದ್ರ ಮತ್ತ ಅದ ಟೆಸ್ಟ್ ಮಾಡಿಸಿ ಹೋಲಿಸಿ ನೋಡ್ತಾರ. ಮೊದಲಿಗಿಂತ ಕಡಿಮಿ ಬಂದ್ರ ಮನ್ಯಾಗ ಕುಂಡ್ರಬೇಕು, ಸರಿ ಬಂದ್ರ ಆಡಬಹುದು. ಇವನು ಮೊದಲನೇ ಸಲಾನ ಬೇಕಂತ ಕಡಿಮಿ ತಗೊಂಡಾನ, ಅದಕ್ಕ ಪೆಟ್ಟ ಬಿದ್ದ ಮ್ಯಾಲೂ ಎರಡೂ ಹೊಂದೇತಿ, ಆಡಾಕ ಬಿಟ್ಟಾರ ಅಂತ ಹೇಳಿದೆ. ಇಷ್ಟೂ ನಾನ ಹೇಳಿದೆ ಅಕಿಗೆ.

ಆಮ್ಯಾಲ ಅಕಿ ನಿನ್ನ ಮ್ಯಾಲ ಹರಿಹಾಯ್ದಳಲ್ಲ… ‘ನಿನ್ನ ತಲಿ ನೀನ ಕೆಡಿಸಿಕೊಂಡ್ಯಲ್ಲೋ, ನಿನ್ನ ಬದುಕ ನೀನ ಹಾಳ ಮಾಡಿಕೊಂಡ್ಯಲ್ಲೋ’ ಅಂತ ಎದಿ ಎದಿ ಬಡಕೊಂಡು ಅತ್ತಳಲ್ಲ… ನೀ ಮೊಸರನ್ನದಾಗ ಚಮಚ ತಿರವಾಕತ್ತಿದ್ದಿ. ‘ಸಾರಿ ಅಮ್ಮ’ ಅಂದಿ. ಆಮ್ಯಾಲ ಕನ್ನಡದಾಗೂ ಅಂದಿ, ‘ತಪ್ಪಾತು’ ಅಂತ. ನಾನು ಸಿಂಕಿನ ಮುಂದ ಬಾಂಡೆ ತಿಕ್ಕೋತ ನಿಂತಿದ್ದೆ. ತಿಕ್ಕಿದ್ದ ತಾಟನ್ನ ಮತ್ತ ಮತ್ತ ತಿಕ್ಕಿದೆ.

ನೋಡು, ಆ ಟೆಸ್ಟೇ ಸರಿ ಇಲ್ಲ! ಮಷಿನ್ ಅದು, ಅದಕ್ಕೇನ ತಿಳೀತೈತಿ? ಮತ್ತ ಟೆಸ್ಟ್ ಮಾಡಿಸಿದ ಆ ಟ್ರೇನರ್ ಮೇಡಂ… ಒಂದ ಸಲ ನಿನ್ನ ಮಾರಿ ನೋಡಿದ್ರ ಸಾಕಿತ್ತಲ್ಲ… ಇಲ್ಲ. ಇಲ್ಲ ಬಿಡು. ಅಕಿ ಪಾಪ ‘ಮನ್ಯಾಗ ಹೆಂಗಿದ್ದ?’ ಅಂತ ನನ್ನ ಕೇಳಿದ್ಲು.

ಏನಂದಿ? ಹೆಂಗಾತು ಅಂತ ಮತ್ತ ಹೇಳ್ಲಾ? ನೂರ ಸಲ ಹೇಳೀನಲ್ಲೋ… ಆತು, ಹೇಳ್ತೀನಿ. ಜನವರಿಯಿಂದ ಮಾರ್ಚ್ ತನಕದ ನೆನಪ ನಿನಗ ಅಳಿಸಿಹೋಗಿರಬಹುದು ಅಂತ ಡಾಕ್ಟರ್ ಮೊದಲ ಹೇಳಿದ್ರು. ಡಲ್ಲಾಸ್ ಮ್ಯಾಚಿನಾಗ ಅವರ ಏಳನೇ ನಂಬರಿನವನನ್ನ ನೀ ಕೆಡವಾಕ ಹೋದಿ. ಅವನ ಮೊಣಕಾಲ ನಿನಗ ಇಲ್ಲಿ, ಕಿವಿ ಮ್ಯಾಲ ಬಡೀತು. ಎದ್ದಿ. ನಕ್ಕಿ. ಕೋಚ್ ಹೊರಗ ಕರದು ಕೂಡಿಸಿದ್ರು. ಗೆದ್ದವಿ, ಮನಿ ಕಡೆ ಹೊಂಟವಿ. ಸೋಮವಾರ ಟೆಸ್ಟ್ ಸರಿ ಬಂತು. ಶನಿವಾರ ಆಸ್ಟಿನ್ ಮ್ಯಾಚ್. ಅಲ್ಲಿ ದೊಡ್ಡ ಪೆಟ್ಟೂ ಅಲ್ಲ, ಭುಜಕ್ಕ ಭುಜ ತಾಗಿತು ಅಷ್ಟ. ನೀ ಕೆಳಗ ಬಿದ್ದಿ, ಕೈ ಸೆಟದು ಹೋತು… ಇಷ್ಟ. ಪ್ರತಿ ಸಲ ಇಷ್ಟ ಹೇಳಿ ನಿಲ್ಲಸ್ತೀನಿ ನಾನು.

ಒಂದ ಮಾತ ಬಿಟ್ಟ ಬಿಟ್ಟ ಹೇಳಿದ್ದೆ. ಡಲ್ಲಾಸಿಂದ ಬರೂ ಮುಂದ, ಮ್ಯಾಡಿಸನ್‌ವಿಲ್‌ದಾಗ ಕಾರಿಗೆ ಪೆಟ್ರೋಲ್ ಹಾಕ್ಸಾಕ ನಿಂತಿದ್ದೆ. ‘ಡ್ಯಾಡ್, ಹೂ ವನ್?’ ಅಂತ ಕೇಳಿದಿ. ನಾವ ಗೆದ್ದವಿ ಅಂದೆ. ಹತ್ತ ಮೈಲಿ ಬಂದಿಲ್ಲ, ಮತ್ತ ಕೇಳಿದಿ. ಹಂಟ್ಸ್‌ವಿಲ್ ದಾಟಿದ ಮ್ಯಾಲ ಮತ್ತ. ನಾ ನಕ್ಕೋತ ಮೂರೂ ಸಲ ಹೇಳಿದೆ. ನಕ್ಕೆ ನೋಡು! ಮನಿಗೆ ಬಂದು ನಿಮ್ಮವ್ವಗ ಹೇಳಲಿಲ್ಲ. ಸೋಮವಾರ ಆ ಮೇಡಂ ಕೇಳಿದಾಗ ‘ಮನ್ಯಾಗ ಆರಾಮಿದ್ದ’ ಅಂದೆ.

ಯಾಕ ಹಂಗ ನೋಡ್ತಿ? ಇದು ಗೊತ್ತಿರಲಿಲ್ಲಲ್ಲ ನಿನಗ? ಅಥವಾ… ಗೊತ್ತಿತ್ತೇನು?

ತಡಿ. ತಡಿ ಒಂದ ನಿಮಿಷ. ಮುಂಜಾನಿಂದ ಇದ ಒಂದ ನನ್ನ ತಲ್ಯಾಗ ಕೊರ್ಯಾಕತ್ತೈತಿ, ಕೇಳೇ ಬಿಡ್ತೀನಿ. ಜನವರಿದು ಅಳಿಸಿಹೋಗಿದ್ರ, ಟೆಸ್ಟ್‌ನ್ಯಾಗ ಬೇಕಂತ ತಪ್ಪಿದೆ ಅಂತ ಡಾಕ್ಟರಗ ಹೆಂಗ ಹೇಳಿದಿ ನೀನು? ಮೊನ್ನೆ ಸೋಮವಾರ ನಮ್ಮಿಬ್ಬರನ್ನೂ ಹೊರಗ ಕೂಡಿಸಿ ನಿನ್ನೊಬ್ಬನ್ನ ಹತ್ತ ನಿಮಿಷ ಕೇಳಿದ್ರಲ್ಲ. ಅವಾಗ ಅಂದಾಜಿಲೆ ಹೇಳಿದಿ ಅಲ್ಲ? ಹಂಗ ಆಗಿರಬೇಕು ಅಂತ ಅಂದಿ… ಅಷ್ಟ ಅಲ್ಲ?

ಶ್ರೀ?

ಆ ದಿನದ ಮುಂಜಾನೆ ನಿನಗ ನೆನಪೈತೇನು? ಸಾಲಿ ಪಾರ್ಕಿಂಗ್‌ನ್ಯಾಗ… ಕಾರಿನಾಗ ಯಾರಿದ್ರು, ಏನಂದ್ರು… ಇಲ್ಲ ಅನ್ನು. ಒಂದ ಸಲ ‘ಇಲ್ಲ’ ಅನ್ನು ಮಗನ, ಇಂಗ್ಲಿಷ್‌ನ್ಯಾಗರ ಅನ್ನು. ತಲಿಯರ ಅಲ್ಲಾಡಸು… ಏನರ ಮಾತಾಡೋ! ಹಿಂಗ ಸುಮ್ಮನ ನೋಡಬ್ಯಾಡ ನನ್ನ!

ಅಯ್ಯೋ ಶಿವನ… ನೆನಪೈತಿ. ಮೊದಲಿಂದ ಎಲ್ಲಾ ನೆನಪೈತಿ ನಿನಗ. ಒಂಬತ್ತ ತಿಂಗಳ ನಾ ಅರ್ಧಾ ಕತಿ ಹೇಳಿದೆ, ನೀ ಮತ್ತ ಮತ್ತ ಹೇಳಸಿದಿ… ಇವತ್ತರ ಅಪ್ಪ ಪೂರ್ತಿ ಹೇಳ್ತಾನೇನು ಅಂತ ದಾರಿ ಕಾದೀಯೇನು?

ಹೇಳ್ತೀನಿ. ನಾನ ಹೇಳಿದ್ದು. ನಾನ. ಕಾರ್ ನಿಲ್ಲಿಸಿ, ‘ಇವತ್ತ ಸಾವಕಾಶ ಒತ್ತು, ಹತ್ತ ಶಬ್ದದಾಗ ನಾಕು ಮರತಾಂಗ ಮಾಡು’ ಅಂತ ಹೇಳಿಕೊಟ್ಟೆ. ನೀ ಬಿದ್ದ ಬಿದ್ದ ನಕ್ಕಿ. ತೊಂಬತ್ತೇಳ ಬಂದ್ರ ಉಳದ ಮೂರ ಎಲ್ಲಿ ಹೋದುವು ಅಂತ ಕೇಳೂ ಅಪ್ಪ, ಇವತ್ತ ಫೇಲ್ ಆಗು ಅಂತಾನ ಅಂದಿ. ಯಾಕ ಹೇಳಿದೆ ಗೊತ್ತೇನು? ಅದರ ಹಿಂದಿನ ವರ್ಷ ನಿಮ್ಮ ಕ್ಯಾಪ್ಟನ್ನಗ ಸಣ್ಣ ಪೆಟ್ಟ ಬಿತ್ತು, ಮೂರ ವಾರ ಕೂಡಿಸಿದ್ರು, ಸೋತವಿ. ನನ್ನ ಭವಿಷ್ಯ ಸುಳ್ಳಾತು ಅಂತ ಎಲ್ಲಾರೂ ಚಾಷ್ಟಿ ಮಾಡಿದ್ರು. ಈ ಸಲ ನನ್ನ ಮಗ ಹತ್ತನೇ ನಂಬರ್, ಅವನನ್ನ ಯಾರೂ ಕೂಡಸಬಾರದು ಅಂತ… ಅಷ್ಟಕ್ಕ ಮಾಡಿದೆ. ಅಷ್ಟಕ್ಕೋ!

ಮತ್ತ ನಾನೇನ ತಿಳೀದಾಂವ ಅಲ್ಲ. ಇಪ್ಪತ್ತೆರಡ ವರ್ಷಾತು ಪೈಪ್‌ಲೈನ್ ಕಂಪನ್ಯಾಗ ಇದ ಕೆಲಸ ಮಾಡ್ಕೋತ ಬಂದೀನಿ. ಹೊಸಾ ಪೈಪ್ ಹೂಳಿದ ದಿನ ಅದರ ದಪ್ಪ ಅಳದು ಬರದಿಡ್ತೀವಿ. ವರ್ಷಾ ವರ್ಷಾ ಮತ್ತ ಅಳದು ಆ ಮೊದಲನೇ ಅಂಕಿಗೆ ಹೋಲಸ್ತೀವಿ, ಎಷ್ಟ ಸವದೈತಿ ಗೊತ್ತಾಗ್ತೈತಿ. ಮೊದಲನೇ ದಿನಾನ ಕಡಿಮಿ ಬರದಿಟ್ರ, ಒಳಗ ಎಷ್ಟ ತಿಂದುಹೋಗಿದ್ರೂ ಕಾಗದದಾಗ ಎಲ್ಲಾ ಚಲೋನ ಕಾಣತೈತಿ. ಹಂಗ ಬರದ ಒಬ್ಬಾಂವನ್ನ ನಾನ ನಿಂತು ಕೆಲಸದಿಂದ ತಗಸೀನಿ. ಮನೀಗೆ ಬಂದು ನನ್ನ ಮಗಗ ಅದನ್ನ ಕಲಿಸಿದೆ.

ಡಾಕ್ಟರಗ ಯಾಕ ಸುಳ್ಳ ಹೇಳಿದಿ? ‘ನಮ್ಮಪ್ಪ ಹೇಳಿದ’ ಅಂದಿದ್ರ ಏನಾಗ್ತಿತ್ತೋ? ನಿನ್ನೆ ಅಕಿ ಅಷ್ಟ ಬೈಯೂ ಮುಂದ ಒಂದ ಸಲ ನನ್ನ ಕಡೆ ಕೈ ಮಾಡಿ ತೋರಿಸಿದ್ರ ಆಗ್ತಿತ್ತಲ್ಲ… ತೋರಸಲಿಲ್ಲ. ಅಳಬ್ಯಾಡೋ. ಅಳಬ್ಯಾಡ ಯಪ್ಪಾ, ತಲಿ ನೋಯ್ತೈತಿ.

ಗ್ಯಾರೇಜ್ ಬಾಗಲ ಸಪ್ಪಳ. ಬಂದ್ಲು ನಿಮ್ಮವ್ವ. ತಡಿ, ಕೆಳಗ ಹೋಗಿ ಬರ್ತೀನಿ.

ಏನೋ ಇದು… ಕೈ ಬಿಡು. ಇಷ್ಟ ಗಟ್ಟಿ ಹಿಡಕೊಂಡ್ರ… ಹೇಳಬ್ಯಾಡ ಅಂತೀಯೇನು? ಹೇಳಿದ್ರ ಅಕಿ ಇನ್ನ ನನ್ನ ಮಾರಿ ನೋಡಂಗಿಲ್ಲ ಅಂತ ಅಂಜೀಯೇನು? ನನಗೂ ಅಂಜಿಕಿ ಐತೋ. ಅದಕ್ಕ ಒಂಬತ್ತ ತಿಂಗಳ ಬಾಯಿ ಮುಚಗೊಂಡಿದ್ದೆ. ಬಿಡು. ಬೈಸಿಕೊಳ್ಳಾವ ನೀ ಅಲ್ಲ.

ಕೈ ಬಿಡು, ಶ್ರೀ. ಅಕಿ ಮೆಟ್ಟಲ ಹತ್ತಾಕತ್ಯಾಳ.